ಮೇಷ್ಟ್ರ ಹಳೇ ಕಂಪ್ಯೂಟರಿಗೆ ಪ್ರಿಂಟರ್ ಹುಡುಕಿದ ಕಥೆ

ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಿಂದ ನಮಗೆ ಫೋನ್ ಬಂತು. ಮಾತಾಡಿದವರು ನಿವೃತ್ತ ಮೇಷ್ಟ್ರು. "ಏನ್ರಪ್ಪಾ, ಪೇಪರ್‌ನೋರು ಅಲ್ವಾ ನೀವು? ನನ್ನ ಕಂಪ್ಯೂಟರಿಗೆ ಒಂದು ಪ್ರಿಂಟರ್ ಬೇಕು. ಅಂಗಡಿಯೋರೆಲ್ಲ ನಗ್ತಾರೆ. ನೀವಾದ್ರೂ ಬಂದು ನೋಡ್ರಪ್ಪಾ" ಅಂದರು. ಪ್ರಿಂಟರ್ ಹುಡುಕುವುದು ವರದಿಗಾರರ ಕೆಲಸವಲ್ಲ. ಆದರೂ ಹೋದೆವು. ಯಾಕೆಂದರೆ ಫೋನ್ ಇಡುವ ಮೊದಲು ಅವರು ಇನ್ನೊಂದು ಮಾತು ಹೇಳಿದ್ದರು: "ಅದರೊಳಗೆ ನಮ್ಮೂರ ಕೆರೆ ಇದೆ."

ಅವರ ಮನೆ ರೇಷ್ಮೆ ಮನೆ. ಹುಳು ಮನೆಯ ಪಕ್ಕದ ಚಿಕ್ಕ ಕೋಣೆಯಲ್ಲಿ, ಗೋಡೆಗೆ ಒರಗಿಸಿಟ್ಟ ಹಳೇ ಚಂದ್ರಿಕೆಗಳ ಎದುರು ಕಂಪ್ಯೂಟರ್ ಕೂತಿತ್ತು. ಮೇಲೆ ಹಳೇ ಪಂಚೆ ಹೊದಿಸಿದ್ದರು. ಹುಳುವಿಗೆ ಹಾಕುವ ಸುಣ್ಣದ ಪುಡಿ ಒಳಗೆ ಹೋಗಬಾರದಲ್ಲ, ಅದಕ್ಕೆ. ದಪ್ಪ ಗಾಜಿನ ಮಾನಿಟರ್, ಹಳದಿಗೆ ತಿರುಗಿದ ಡಬ್ಬ, ಒಳಗೆ ವಿಂಡೋಸ್ 95. ಬೆಂಗಳೂರಿನಲ್ಲಿ ಬಾಗಿಲು ಮುಚ್ಚುತ್ತಿದ್ದ ಒಂದು ಆಫೀಸಿನಿಂದ 1999ರಲ್ಲಿ ಸೆಕೆಂಡ್ ಹ್ಯಾಂಡ್‌ಗೆ ತಂದದ್ದು. ಜೊತೆಗೆ ಒಂದು ಎಪ್ಸನ್ ಎಲ್‌ಎಕ್ಸ್-800 ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರೂ ಬಂದಿತ್ತಂತೆ. ಅದು ಕೆಟ್ಟು, ರಿಪೇರಿಗೆ ಹೋಗಿ, ವಾಪಸ್ ಬರಲೇ ಇಲ್ಲ.

ಒಳಗಿದ್ದದ್ದು ಏನು ಅಂದರೆ, ಅವರ ಊರಿನ ಕೆರೆಯ ಚರಿತ್ರೆ. ಪುಸ್ತಕದಲ್ಲಿ ಸಿಗುವ ಚರಿತ್ರೆಯಲ್ಲ. 1999ರಿಂದ ನಾಲ್ಕೈದು ವರ್ಷ ಮೇಷ್ಟ್ರು ಊರ ಹಿರಿಯರನ್ನು ಕೂರಿಸಿಕೊಂಡು ಕೇಳಿ ಬರೆದದ್ದು. ಯಾವ ತೂಬು ಯಾವ ಮನೆತನ ನೋಡಿಕೊಳ್ಳುತ್ತಿತ್ತು, ನೀರುಗಂಟಿಗಳು ಯಾರು ಯಾರು, ಅವರಿಗೆ ಸುಗ್ಗಿಯಲ್ಲಿ ಎಷ್ಟು ರಾಗಿ ಕೊಡುತ್ತಿದ್ದರು, ಕೋಡಿ ಬಿದ್ದ ವರ್ಷ ಏನಾಯಿತು, ಮೇಲಿನ ಕೆರೆಯಿಂದ ಬರುವ ರಾಜಕಾಲುವೆ ಯಾವ ಯಾವ ಸರ್ವೆ ನಂಬರಿನ ಪಕ್ಕದಲ್ಲಿ ಹಾದು ಬರುತ್ತಿತ್ತು, ಎಲ್ಲವೂ ಇತ್ತು. ಹೇಳಿದವರಲ್ಲಿ ಈಗ ಒಬ್ಬರೂ ಬದುಕಿಲ್ಲ. ಮೊದಲು ಬರೆದುಕೊಂಡಿದ್ದ ನೋಟ್ ಬುಕ್ಕುಗಳನ್ನು ಗೆದ್ದಲು ತಿಂದಿತ್ತು.

ಇಪ್ಪತ್ತು ವರ್ಷ ಆ ಕೆರೆಯಲ್ಲಿ ನೀರೇ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ತರುವ ಎಚ್.ಎನ್. ವ್ಯಾಲಿ ಯೋಜನೆಯಿಂದ ನಮ್ಮ ಜಿಲ್ಲೆಯ ಕೆರೆಗಳು ತುಂಬತೊಡಗಿದ ಮೇಲೆ ಕಾಲುವೆಗಳ ನೆನಪು ಎಲ್ಲರಿಗೂ ಬಂತು. ಆ ನೀರಿನ ಗುಣಮಟ್ಟದ ಬಗ್ಗೆ ನಮ್ಮ ತಕರಾರು ಬೇರೆ ಇದೆ, ಇಲ್ಲಿ ಬೇಡ. ಮೇಷ್ಟ್ರ ಊರಿನಲ್ಲಿ ಕಾಲುವೆಯ ಅರ್ಧ ಭಾಗ ಹಿಪ್ಪುನೇರಳೆ ತೋಟವಾಗಿತ್ತು. ಕಾಲುವೆ ಇತ್ತು ಅಂತ ಒಂದು ಕಡೆ, ಇರಲೇ ಇಲ್ಲ ಅಂತ ಇನ್ನೊಂದು ಕಡೆ. ಗ್ರಾಮಸಭೆಯಲ್ಲಿ ವಿಷಯ ಬರುವುದಿತ್ತು. ಕಾಗದದ ಮೇಲೆ ಇಲ್ಲದ್ದನ್ನು ಗ್ರಾಮಸಭೆಯಲ್ಲಿ ಯಾರು ಕೇಳುತ್ತಾರೆ? ಹಾಗಾಗಿ ಪ್ರಿಂಟರ್.

ಓದುತ್ತಿರುವ ನೀವು ಈಗ ಹೇಳುವುದು ನಮಗೆ ಗೊತ್ತು. ಮೊಬೈಲಿನಲ್ಲಿ ಸ್ಕ್ರೀನ್ ಫೋಟೊ ಹೊಡೆಯಬಹುದಿತ್ತಲ್ಲ? ಹೊಡೆದೆವು. ಹಳೇ ಮಾನಿಟರಿನ ಮೇಲೆ ಕಪ್ಪು ಪಟ್ಟೆಗಳು ಓಡುತ್ತವೆ, ಫೋಟೊದಲ್ಲಿ ಅರ್ಧ ಸಾಲು ಮಾಯ. ಫ್ಲಾಪಿಗೆ ಹಾಕೋಣ ಅಂದರೆ ಫ್ಲಾಪಿ ಡ್ರೈವ್ ಸತ್ತಿತ್ತು. ಪೆನ್ ಡ್ರೈವ್ ಹಾಕಲು ಯುಎಸ್‌ಬಿ ಕಿಂಡಿಯೇ ಇಲ್ಲ. ಹಾರ್ಡ್ ಡಿಸ್ಕ್ ಕಳಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ ಮೊದಲು ನಕಲು ಮಾಡಿಕೊಳ್ಳುವುದೇ ಸರಿಯಾದ ಕ್ರಮ, ನಾವೂ ಅದನ್ನೇ ಹೇಳಿದೆವು. ಮೇಷ್ಟ್ರು ಒಪ್ಪಲಿಲ್ಲ. "ಕಳಚಿದ್ಮೇಲೆ ಅದು ಮತ್ತೆ ಎದ್ದೇಳದಿದ್ರೆ? ಮೊದ್ಲು ನನ್ನ ಕೈಗೆ ಕಾಗದ ಬರ್ಲಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ" ಅಂದರು. ಇಪ್ಪತ್ತೈದು ವರ್ಷ ದಾಟಿದ ಡಿಸ್ಕು, ಆನ್ ಮಾಡಿದಾಗ ಕಟ ಕಟ ಅನ್ನುತ್ತಿತ್ತು. ಅವರ ಭಯ ಸುಳ್ಳೇನಲ್ಲ.

ಕಂಪ್ಯೂಟರ್ ಎಬ್ಬಿಸುವುದೇ ಒಂದು ಕೆಲಸವಾಯಿತು. ಆನ್ ಮಾಡಿದಾಗಲೆಲ್ಲ ತಾರೀಕು 1980 ಅಂತ ತೋರಿಸಿ ನಿಂತುಬಿಡುತ್ತಿತ್ತು. ಒಳಗೊಂದು ಬಟನ್ ಸೆಲ್ ಇರುತ್ತದೆ, ವಿದ್ಯುತ್ ಇಲ್ಲದಾಗಲೂ ತಾರೀಕು ಮತ್ತು ಡಿಸ್ಕಿನ ವಿವರ ನೆನಪಿಟ್ಟುಕೊಳ್ಳಲು. ಅದು ಖಾಲಿಯಾಗಿತ್ತು. ಪೇಟೆಯ ವಾಚ್ ರಿಪೇರಿ ಅಂಗಡಿಯಲ್ಲಿ ಒಂದು ಸೆಲ್ ತಂದು ಹಾಕಿದೆವು, ಸರಿಹೋಯಿತು. ವಾಚ್ ಅಂಗಡಿಯಿಂದ ಶುರುವಾದದ್ದು ಕಾಕತಾಳೀಯ. ಆದರೆ ಈ ಕಥೆ ಮುಂದೆ ವಾಚ್ ಮಾಡುವವರ ಹತ್ತಿರವೇ ಹೋಗುತ್ತದೆ.

ಕಂಪ್ಯೂಟರಿನ ಹಿಂದೆ ಎರಡು ಸಾಲಿನಲ್ಲಿ 25 ತೂತುಗಳಿರುವ ಉದ್ದನೆಯ ಕಿಂಡಿ ಇತ್ತು. ಇದಕ್ಕೆ ಪ್ಯಾರಲಲ್ ಪೋರ್ಟ್ ಅನ್ನುತ್ತಾರೆ. ಒಂದು ಅಕ್ಷರಕ್ಕೆ ಎಂಟು ಬಿಟ್, ಎಂಟಕ್ಕೂ ಎಂಟು ತಂತಿ, ಒಂದೇ ಸಲ ಕಳಿಸುವುದು. ಮಿಕ್ಕ ತಂತಿಗಳು ಮಾತುಕತೆಗೆ: "ತಗೋ" ಅಂತ ಕಂಪ್ಯೂಟರ್ ಹೇಳಲು ಒಂದು, "ಸ್ವಲ್ಪ ತಾಳು" ಅಂತ ಪ್ರಿಂಟರ್ ಹೇಳಲು ಒಂದು, ಕಾಗದ ಮುಗಿಯಿತು ಅನ್ನಲು ಇನ್ನೊಂದು. ಅಮೆರಿಕದ ಸೆಂಟ್ರಾನಿಕ್ಸ್ ಅನ್ನುವ ಕಂಪನಿ 1970ರಲ್ಲಿ ತನ್ನ ಪ್ರಿಂಟರಿಗೆ ಮಾಡಿಕೊಂಡ ವ್ಯವಸ್ಥೆ ಇದು. ಪ್ರಿಂಟರ್ ಕಡೆ 36 ಪಟ್ಟಿಗಳಿರುವ ದಪ್ಪ ಕನೆಕ್ಟರ್. ಅದನ್ನೇ ಯಾಕೆ ಹಾಕಿದರು ಅಂದರೆ, ಸೆಂಟ್ರಾನಿಕ್ಸ್ ಹುಟ್ಟಿದ ವಾಂಗ್ ಕಂಪನಿಯ ಗೋದಾಮಿನಲ್ಲಿ ಅಂಥ 20,000 ಕನೆಕ್ಟರ್ ಖರ್ಚಾಗದೆ ಬಿದ್ದಿದ್ದವು ಅನ್ನುವ ಮಾತಿದೆ. 1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಕಂಪ್ಯೂಟರ್ ಕಡೆ 25 ಪಿನ್ನಿನ ಕಿಂಡಿ ಇಟ್ಟಿತು. ಅಲ್ಲಿಂದ ಇಪ್ಪತ್ತು ವರ್ಷ ಪ್ರಿಂಟರ್ ಕೇಬಲ್ ಅಂದರೆ ಒಂದು ತುದಿ 25, ಇನ್ನೊಂದು ತುದಿ 36.

ನಮ್ಮ ಹುಡುಕಾಟ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಗಳಿಂದ ಶುರುವಾಯಿತು. ಬಸ್ ಸ್ಟಾಂಡ್ ಸುತ್ತಮುತ್ತ ಪಹಣಿ ಅರ್ಜಿ, ಮದುವೆ ಕಾರ್ಡ್, ಆಧಾರ್ ಪ್ರಿಂಟ್ ಮಾಡುವ ಎಲ್ಲ ಕಡೆ ಚಿಕ್ಕ ಲೇಸರ್ ಪ್ರಿಂಟರುಗಳೇ. ಎಚ್‌ಪಿ ಲೇಸರ್‌ಜೆಟ್ 1020 ಅಥವಾ ಅದರ ಜಾತಿಯವು. ಗಟ್ಟಿಮುಟ್ಟಾದ ಮಷಿನ್ನು, ನಮ್ಮ ಪತ್ರಿಕಾ ಹೇಳಿಕೆಗಳೆಲ್ಲ ಅದರಲ್ಲೇ ಆಗುವುದು. ಆದರೆ ಮೇಷ್ಟ್ರ ಕಂಪ್ಯೂಟರಿಗೆ ಅದು ಆಗುವುದಿಲ್ಲ. ಮೊದಲನೆಯ ಕಾರಣ ಕಿಂಡಿ: ಅದಕ್ಕಿರುವುದು ಯುಎಸ್‌ಬಿ ಮಾತ್ರ. ಎರಡನೆಯದು ಇನ್ನೂ ಒಳಗಿನದು. ಬೆಲೆ ಇಳಿಸಲು ಇಂಥ ಪ್ರಿಂಟರುಗಳಲ್ಲಿ ಬುದ್ಧಿಯನ್ನೇ ಕಡಿಮೆ ಮಾಡಿದ್ದಾರೆ. ಪುಟವನ್ನು ಚುಕ್ಕೆ ಚುಕ್ಕೆಯಾಗಿ ಕಂಪ್ಯೂಟರೇ ಸಿದ್ಧಮಾಡಿ ಕೊಡಬೇಕು. 1020 ಅಂತೂ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತನ್ನ ಕೆಲಸವೇನು ಅನ್ನುವುದನ್ನೇ ಮರೆತಿರುತ್ತದೆ, ಕಂಪ್ಯೂಟರ್ ಮತ್ತೆ ಹೇಳಿಕೊಡಬೇಕು. ಹಾಗೆ ಹೇಳಿಕೊಡುವ ಡ್ರೈವರ್ ಯಾವ ವಿಂಡೋಸಿಗೆ ಬರೆದಿದ್ದಾರೋ ಅದಕ್ಕೆ ಮಾತ್ರ ಪ್ರಿಂಟರ್ ಸೇರುತ್ತದೆ. ಕಂಪನಿ ಡ್ರೈವರ್ ಬರೆಯುವುದು ನಿಲ್ಲಿಸಿದ ದಿನ ಚೆನ್ನಾಗಿರುವ ಮಷಿನ್ನೂ ಮೂಲೆಗೆ.

ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದಾಗ ಒಂದು ಕಡೆ 25 ಪಿನ್ನು, ಇನ್ನೊಂದು ಕಡೆ ಯುಎಸ್‌ಬಿ ಇರುವ ಕೇಬಲ್ ಕೊಂಡು ತಂದೆವು. ಅಂಗಡಿಯವರು "ಆಗುತ್ತೆ ಸಾರ್" ಅಂದಿದ್ದರು. ಆಗಲಿಲ್ಲ. ಆ ಕೇಬಲ್ ಇರುವುದು ಹೊಸ ಕಂಪ್ಯೂಟರಿಗೆ ಹಳೇ ಪ್ರಿಂಟರ್ ಸೇರಿಸಲು. ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕಡೆಯವನೇ ಯಜಮಾನ, ಅವನು ಕೇಳದೆ ಪ್ರಿಂಟರ್ ಬಾಯಿ ಬಿಡುವುದಿಲ್ಲ. ಹಳೇ ಕಂಪ್ಯೂಟರಿನ 25 ತೂತಿಗೆ ಆ ಯಜಮಾನಿಕೆ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಹಳೇ ಕಂಪ್ಯೂಟರ್ ಇದ್ದರೆ ದಯವಿಟ್ಟು ಈ ಕೇಬಲಿಗೆ ದುಡ್ಡು ಹಾಕಬೇಡಿ. ನಾವು ಹಾಕಿದ ನಾನೂರೈವತ್ತು ರೂಪಾಯಿ ಸಾಕು.

ಚಿಂತಾಮಣಿಯ ಒಬ್ಬ ಸ್ನೇಹಿತರ ಅಟ್ಟದಲ್ಲಿ ಲೇಸರ್‌ಜೆಟ್ 6ಎಲ್ ಸಿಕ್ಕಿತು. 1990ರ ದಶಕದ್ದು, ಪ್ಯಾರಲಲ್ ಕಿಂಡಿ ಇತ್ತು, ಪುಟ ಕಟ್ಟುವ ಬುದ್ಧಿಯೂ ತನ್ನೊಳಗೇ ಇತ್ತು. ಅದು ಹೊಂದುತ್ತಿತ್ತು. ಆದರೆ ಕಾಗದ ಎಳೆಯುವ ರಬ್ಬರ್ ಉರುಳೆ ಕಲ್ಲಾಗಿತ್ತು. ಸ್ಪಿರಿಟ್ ಹಾಕಿ ಒರೆಸಿದೆವು, ಮರಳು ಕಾಗದದಲ್ಲಿ ಉಜ್ಜಿದೆವು. ಮೂರು ಹಾಳೆ ಎಳೆದು ನಾಲ್ಕನೆಯದನ್ನು ಮುದ್ದೆ ಮಾಡಿತು. ಅದನ್ನು ಅಟ್ಟಕ್ಕೇ ವಾಪಸ್ ಏರಿಸಿದೆವು.

ಆಮೇಲೆ ಹೊಳೆದದ್ದು ರೇಷ್ಮೆ. ನಮ್ಮ ಊರು ನಡೆಯುವುದೇ ಚೀಟಿಯ ಮೇಲೆ. ಗೂಡು ತೂಗಿದ ಚೀಟಿ, ರೀಲರಿನ ಬಿಲ್ಲು, ನೂಲು ವ್ಯಾಪಾರಿಯ ಬಿಲ್ಲು. ಎಲ್ಲಿ ಮೂರು ಪ್ರತಿ ಬೇಕೋ ಅಲ್ಲಿ ಲೇಸರ್ ನಡೆಯುವುದಿಲ್ಲ. ಕಾರ್ಬನ್ ಮೇಲೆ ಅಕ್ಷರ ಮೂಡಬೇಕಾದರೆ ಮೇಲಿಂದ ಕುಟ್ಟಬೇಕು, ಕುಟ್ಟುವುದು ಡಾಟ್ ಮ್ಯಾಟ್ರಿಕ್ಸ್ ಮಾತ್ರ. ಒಬ್ಬ ನೂಲು ವ್ಯಾಪಾರಿಯ ಅಂಗಡಿಯಲ್ಲಿ ಧೂಳು ಹಿಡಿದ ಒಂಬತ್ತು ಪಿನ್ನಿನ ಮಷಿನ್ ಸಿಕ್ಕಿತು. "ತಗೊಂಡ್ಹೋಗಿ ಅಣ್ಣಾ, ದುಡ್ಡೇನ್ ಬೇಡ" ಅಂದರು. ಪರೀಕ್ಷೆಗೆ ಒಂದು ಪುಟ ತೆಗೆದರೆ ಪ್ರತಿ ಸಾಲಿನ ನಡುವೆ ಬಿಳಿ ಗೆರೆ. ಹೆಡ್ಡಿನ ಎರಡು ಪಿನ್ನು ಮುರಿದಿದ್ದವು.

ಎರಡು ಪಿನ್ನು ಹೋದರೆ ಏನು ಮಹಾ ಅನ್ನಬಹುದು. ಇಂಗ್ಲಿಷಿನಲ್ಲಾದರೆ ಊಹಿಸಿಕೊಂಡು ಓದಬಹುದು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಚಿಕ್ಕದಾಗಿರುತ್ತದೆ. ಬಿಳಿ ಗೆರೆ ಅಲ್ಲೇ ಬಿದ್ದರೆ ಒತ್ತು ಹೋಯಿತು. ಮೇಷ್ಟ್ರ ಪುಟದಲ್ಲಿ "ಹಳ್ಳ" ಇದ್ದದ್ದು "ಹಳ" ಆಗಿತ್ತು, "ಕಟ್ಟೆ" ಇದ್ದದ್ದು "ಕಟೆ". ಅದಾದರೂ ಸರಿ. ಸರ್ವೆ ನಂಬರಿನಲ್ಲಿ 8ರ ನಡುವಿನ ಗಂಟೇ ಮಾಯವಾಗಿ 0 ಆಗಿತ್ತು. ಕಾಲುವೆ ಯಾರ ಹೊಲದ ಪಕ್ಕ ಹೋಗುತ್ತಿತ್ತು ಅನ್ನುವ ಜಗಳದಲ್ಲಿ 38 ಹೋಗಿ 30 ಅಂತ ಕಾಗದ ಹೇಳಿದರೆ? ಮೇಷ್ಟ್ರು ಆ ಪುಟವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಇದನ್ನ ಯಾರ್ಗೂ ತೋರಿಸ್ಬೇಡಿ" ಅಂದರು.

ಈ ಕುಟ್ಟುವ ಮಷಿನ್ ಎಲ್ಲಿಂದ ಬಂತು ಅಂತ ನೋಡಲು ಹೊರಟಾಗ ನಮಗೆ ಒಂದು ಆಶ್ಚರ್ಯ ಕಾದಿತ್ತು. ಬೇರೆ ಯಾರಿಗೆ ಅಲ್ಲದಿದ್ದರೂ ಶಿಡ್ಲಘಟ್ಟದವರಿಗೆ ಇದು ಗೊತ್ತಿರಬೇಕು. ಎಪ್ಸನ್ ಕಂಪನಿಯ ಊರು ಜಪಾನಿನ ನಾಗಾನೊ ಪ್ರಾಂತ್ಯದ ಸುವಾ. ಸುವಾ ಅನ್ನುವುದು ಒಂದು ದೊಡ್ಡ ಸರೋವರದ ದಂಡೆಯ ಊರು. ಅದೇ ಸರೋವರದ ಇನ್ನೊಂದು ದಂಡೆಯಲ್ಲಿ ಒಕಾಯಾ ಅಂತ ಪಟ್ಟಣ. ಒಂದು ಕಾಲಕ್ಕೆ ಈ ಎರಡೂ ಊರು ಬದುಕಿದ್ದು ರೇಷ್ಮೆಯ ಮೇಲೆ. ಒಕಾಯಾ ಜಪಾನಿನ ನೂಲು ಬಿಚ್ಚಾಣಿಕೆಯ ದೊಡ್ಡ ಕೇಂದ್ರ. ಬೆಟ್ಟದಾಚೆಯ ಬಡ ಹಳ್ಳಿಗಳ ಹುಡುಗಿಯರು ಹಿಮದಲ್ಲಿ ನೊಮುಗಿ ಅನ್ನುವ ಕಣಿವೆ ದಾಟಿ ನಡೆದು ಬಂದು ಅಲ್ಲಿನ ಫಿಲೇಚರುಗಳಲ್ಲಿ ಬಿಸಿನೀರಿನ ಎದುರು ಕೂತು ನೂಲು ತೆಗೆಯುತ್ತಿದ್ದರು. ನೂಲು ಹೋಗುತ್ತಿದ್ದದ್ದು ಬಹುಪಾಲು ಅಮೆರಿಕಕ್ಕೆ. 1929ರ ಆರ್ಥಿಕ ಕುಸಿತದಲ್ಲಿ ಆ ಮಾರುಕಟ್ಟೆ ಬಿತ್ತು. ಆಮೇಲೆ ಯುದ್ಧ, ನೈಲಾನು. ರೇಷ್ಮೆ ಮತ್ತೆ ಏಳಲಿಲ್ಲ.

ಖಾಲಿಯಾದ ಆ ಕಣಿವೆಗೆ ವಾಚು ಬಂತು. 1942ರಲ್ಲಿ ಸುವಾದಲ್ಲಿ ಒಂದು ಹಳೆಯ ಮಿಸೊ ಉಗ್ರಾಣವನ್ನೇ ಕಾರ್ಖಾನೆ ಮಾಡಿಕೊಂಡು ವಾಚಿನ ಬಿಡಿಭಾಗ ಮಾಡುವ ಕಂಪನಿ ಶುರುವಾಯಿತು. ಮಿಸೊ ಅಂದರೆ ಸೋಯಾ ಹುದುಗಿಸಿ ಮಾಡುವ ಅವರ ಅಡುಗೆಯ ಪದಾರ್ಥ. ಯುದ್ಧದ ಕಾಲದಲ್ಲಿ ಟೋಕಿಯೊದಿಂದ ವಾಚ್ ಕಾರ್ಖಾನೆಯ ಕೆಲಸವೂ ಅಲ್ಲಿಗೇ ವರ್ಗವಾಯಿತು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಸಮಯ ಅಳೆಯುವ ಜವಾಬ್ದಾರಿ ಸೈಕೊ ಗುಂಪಿಗೆ ಬಿತ್ತು. ಅಳೆದರೆ ಸಾಲದು, ಅಳೆದದ್ದನ್ನು ಆಗಲೇ ಕಾಗದದ ಮೇಲೆ ಅಚ್ಚು ಹಾಕಿ ಕೊಡಬೇಕಿತ್ತು. ಆ ಅಚ್ಚಿನ ಗಡಿಯಾರದ ಕೆಲಸದಿಂದಲೇ 1968ರಲ್ಲಿ ಇಪಿ-101 ಅನ್ನುವ ಪುಟ್ಟ ಪ್ರಿಂಟರ್ ಹುಟ್ಟಿತು. ಇಪಿ ಅಂದರೆ ಎಲೆಕ್ಟ್ರಾನಿಕ್ ಪ್ರಿಂಟರ್. ಅದರ ಮಕ್ಕಳು ಅನ್ನುವ ಅರ್ಥದಲ್ಲಿ 1975ರಲ್ಲಿ ಎಪ್ಸನ್ ಅಂತ ಹೆಸರಿಟ್ಟರು.

ಜಪಾನಿನ ರೇಷ್ಮೆಗೂ ನಮಗೂ ನಂಟು ಹಳೆಯದು. ಜಮ್‌ಷೆಡ್‌ಜಿ ಟಾಟಾ 1890ರ ದಶಕದಲ್ಲಿ ಜಪಾನೀಯರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ಮಾಡಿದ್ದರು. ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನುವ ಹೆಸರು ಈಗಲೂ ಇದೆ. 1991ರಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಜಪಾನಿನ ಜೈಕಾ ಜೊತೆ ಸೇರಿ ಮಾಡಿದ ಕೆಲಸದ ಫಲವೇ ನಾವು ಬೈವೋಲ್ಟೀನ್ ಅಂತ ಮೇಯಿಸುವ ಸಿಎಸ್‌ಆರ್ ಹುಳುಗಳು. ಬಿಳಿ ಗೂಡು ಜಪಾನಿನ ಸಹವಾಸದಿಂದ ಬಂತು ಅನ್ನುವುದು ಇಲ್ಲಿನ ರೈತರಿಗೆ ಗೊತ್ತು. ಮಾರುಕಟ್ಟೆಯ ಬಿಲ್ ಕುಟ್ಟುವ ಮಷಿನ್ನೂ ಗೂಡಿನ ಊರಿಂದಲೇ ಬಂದದ್ದು ಅನ್ನುವುದು ಗೊತ್ತಿರಲಿಲ್ಲ.

ಮತ್ತೆ ಪ್ರಿಂಟರಿಗೆ ಬರೋಣ. 1980ರಲ್ಲಿ ಎಪ್ಸನ್ ಎಂಎಕ್ಸ್-80 ಬಂತು. ಐಬಿಎಂ ತನ್ನ ಪಿಸಿ ಜೊತೆ ಕೊಟ್ಟ ಪ್ರಿಂಟರ್ ಕೂಡ ಅದೇ, ಮೇಲಿನ ಹೆಸರು ಮಾತ್ರ ಬೇರೆ. ಹೀಗಾಗಿ ಎಪ್ಸನ್ ಪ್ರಿಂಟರಿಗೆ ಹೇಳುವ ಆಜ್ಞೆಗಳೇ ಊರೆಲ್ಲರ ಭಾಷೆಯಾದವು. ಈ ಭಾಷೆ ಸರಳ. ಕಂಪ್ಯೂಟರ್ 27 ಅನ್ನುವ ಸಂಖ್ಯೆ ಕಳಿಸಿತು ಅಂದರೆ "ಮುಂದೆ ಬರುವುದು ಅಕ್ಷರವಲ್ಲ, ಅಪ್ಪಣೆ" ಅಂತ. ದಪ್ಪ ಮಾಡು, ಸಾಲು ಇಳಿಸು, ಈಗ ಬರುವುದನ್ನು ಚಿತ್ರದ ಚುಕ್ಕೆ ಅಂತ ತಿಳಿ. ಬೇರೆ ಕಂಪನಿಯವರೂ ಇದನ್ನೇ ಕಲಿತರು. ನಮ್ಮ ದೇಶದಲ್ಲಿ ವಿಪ್ರೋ, ಟಿವಿಎಸ್ ಡಾಟ್ ಮ್ಯಾಟ್ರಿಕ್ಸ್‌ಗಳೂ ಎಪ್ಸನ್ ಮಾತನ್ನೇ ಆಡಿದವು. ಯಾಕೆಂದರೆ ಡಾಸ್ ಕಾಲದಲ್ಲಿ ಪ್ರತಿ ಸಾಫ್ಟ್‌ವೇರೂ ಪ್ರಿಂಟರಿನ ಪಟ್ಟಿ ತಾನೇ ಹೊತ್ತು ತರುತ್ತಿತ್ತು. ಆ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲದಿದ್ದರೆ ಎಪ್ಸನ್ ಅಂತ ಸುಳ್ಳು ಹೇಳಿದರೆ ಸಾಕಿತ್ತು.

ಕನ್ನಡದ ಪಾಡು ಬೇರೆ. ಪ್ರಿಂಟರಿನ ಹೊಟ್ಟೆಯಲ್ಲಿ ಅಚ್ಚುಮೊಳೆ ಇದ್ದದ್ದು ಇಂಗ್ಲಿಷಿಗೆ. ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ, ಒಂಬತ್ತು ಪಿನ್ನು ಎತ್ತರ. ನಮ್ಮ "ಸ್ತ್ರೀ"ಗೆ ಆ ಚೌಕ ಎಲ್ಲಿ ಸಾಕು? ಐಐಟಿ ಕಾನ್ಪುರದಲ್ಲಿ ಶುರುವಾಗಿ ಆಮೇಲೆ ಪುಣೆಯ ಸಿ-ಡ್ಯಾಕ್‌ಗೆ ಬಂದ ಜಿಸ್ಟ್ ಅನ್ನುವ ಕೆಲಸ ಮೊದಲು ದಾರಿ ತೋರಿಸಿತು. ಕಂಪ್ಯೂಟರೊಳಗೆ ಒಂದು ಕಾರ್ಡ್ ಚುಚ್ಚಿದರೆ ಕನ್ನಡವೂ ಸೇರಿ ನಮ್ಮ ದೇಶದ ಲಿಪಿಗಳು ಪರದೆಯ ಮೇಲೆ ಬರುತ್ತಿದ್ದವು. ಪ್ರಿಂಟರಿಗೆ ಅಕ್ಷರ ಅಂತ ಕಳಿಸದೆ ಚಿತ್ರ ಅಂತ ಕಳಿಸುವುದು ಉಪಾಯ. ವಿಂಡೋಸ್ ಬಂದ ಮೇಲೆ ಇದು ಸಲೀಸಾಯಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬರಹ ಸಾಫ್ಟ್‌ವೇರನ್ನು ಪುಕ್ಕಟೆ ಕೊಟ್ಟರು. ಮೇಷ್ಟ್ರ ಮಗ ಬೆಂಗಳೂರಿಂದ ಫ್ಲಾಪಿಯಲ್ಲಿ ತಂದುಕೊಟ್ಟದ್ದು ಅದನ್ನೇ. ಇಂಗ್ಲಿಷ್ ಕೀಲಿಯಲ್ಲೇ ಕೆರೆ ಅಂತ ಒತ್ತಿದರೆ ಕನ್ನಡದಲ್ಲಿ ಕೆರೆ ಮೂಡುತ್ತದೆ. ಶಾಲೆಯ ಟೈಪ್‌ರೈಟರಿನಲ್ಲಿ ಒತ್ತಕ್ಷರಕ್ಕೆ ಒದ್ದಾಡಿದ್ದ ಮೇಷ್ಟ್ರಿಗೆ ಇದು ಹಬ್ಬವಾಯಿತು.

ಅಂದರೆ ಪ್ರಿಂಟರಿಗೆ ಕನ್ನಡ ಬರಬೇಕಾಗಿಲ್ಲ. ಚುಕ್ಕೆ ಇಡಲು ಬಂದರೆ ಸಾಕು. ನಾವು ಇಷ್ಟು ದಿನ "ಕನ್ನಡಕ್ಕೆ ಆಗುವ, ವಿಂಡೋಸ್ 95ಕ್ಕೆ ಆಗುವ" ಪ್ರಿಂಟರ್ ಕೇಳುತ್ತಾ ಅಂಗಡಿ ಅಂಗಡಿ ಅಲೆದದ್ದೇ ತಪ್ಪು. ಕೇಳಬೇಕಾಗಿದ್ದದ್ದು ಎರಡೇ: ಹಿಂದೆ 36ರ ಕಿಂಡಿ ಇದೆಯಾ? ಹಳೇ ಎಪ್ಸನ್ ಮಾತು ಇನ್ನೂ ಮರೆತಿಲ್ಲ ತಾನೇ?

ಇಂಥ ಪ್ರಿಂಟರ್ ಹಳೆಯದೇ ಆಗಿರಬೇಕಿಲ್ಲ. ಎಪ್ಸನ್ ಎಲ್‌ಎಕ್ಸ್-310 ಅನ್ನುವುದು ಈ ಕಾಲದ ಮಷಿನ್. ಅದಕ್ಕೆ ಯುಎಸ್‌ಬಿ ಇದೆ, ಸೀರಿಯಲ್ ಇದೆ, ಪ್ಯಾರಲಲ್ಲೂ ಇದೆ. ಹಳೇ ಭಾಷೆಯೂ ಬರುತ್ತದೆ. ಬ್ಯಾಂಕು, ಗೋದಾಮು, ಲಾರಿ ಆಫೀಸುಗಳು ಕಾರ್ಬನ್ ಪ್ರತಿ ಬಿಡದ ಕಾರಣ ಕಂಪನಿಯೂ ಬಿಟ್ಟಿಲ್ಲ. ನಮ್ಮೂರಿನ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಅದು ದಿನವೂ ಬಿಲ್ ಕುಟ್ಟುತ್ತಿತ್ತು. ನಾವು ದಿನಾ ಟೀ ಕುಡಿಯುವ ಅಂಗಡಿಯ ಎದುರಿಗೇ! ಮಾಲೀಕರು ವಿಷಯ ಕೇಳಿ "ಶನಿವಾರ ಸಾಯಂಕಾಲ ತಗೊಂಡ್ಹೋಗಿ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿರ್ಬೇಕು. ಲೋಡ್ ನಿಲ್ಲೋ ಹಾಗಿಲ್ಲ" ಅಂದರು.

ಅವರು ಬಳಸುವುದು ಯುಎಸ್‌ಬಿ, ಹಾಗಾಗಿ 25ರಿಂದ 36ರ ಕೇಬಲ್ ಅವರಲ್ಲಿ ಇರಲಿಲ್ಲ. ಟಿವಿ ರಿಪೇರಿಯ ಹಳೇ ಅಂಗಡಿಯೊಂದರಲ್ಲಿ ಮೊಳೆಗೆ ನೇತುಹಾಕಿದ್ದ ಒಂದು ಸಿಕ್ಕಿತು. ನೂರೈವತ್ತು ರೂಪಾಯಿ. ಹೊಸ ರಿಬ್ಬನ್ ಒಂದು, ಎರಡೂ ಅಂಚಿಗೆ ತೂತಿರುವ ಉದ್ದ ಕಾಗದದ ಕಟ್ಟು ಒಂದು ಕೊಂಡೆವು. ಬೈಕಿನಲ್ಲಿ ಒಬ್ಬ ಓಡಿಸಿ, ಇನ್ನೊಬ್ಬ ಹಿಂದೆ ಮಗುವಿನ ಹಾಗೆ ಪ್ರಿಂಟರನ್ನು ತೊಡೆ ಮೇಲಿಟ್ಟುಕೊಂಡು ಹೋದೆವು.

ಡ್ರೈವರಿನ ಬಗ್ಗೆ ನಮಗೆ ಹೆದರಿಕೆ ಇತ್ತು. ವಿಂಡೋಸ್ 95ಕ್ಕೆ ಹೊಸ ಡ್ರೈವರ್ ಹಾಕಲು ಹೋದರೆ ಅದು ಸಿಡಿ ಕೇಳುತ್ತದೆ, ಸಿಡಿ ಯಾರ ಹತ್ತಿರ ಇದೆ? ಪ್ರಿಂಟರ್ಸ್ ಅನ್ನುವ ಫೋಲ್ಡರ್ ತೆರೆದರೆ ಅಲ್ಲಿ ಒಂದು ಚಿತ್ರ ಮೊದಲೇ ಇತ್ತು: ಎಪ್ಸನ್ ಎಲ್‌ಎಕ್ಸ್-800. ವಾಪಸ್ ಬಾರದ ಆ ಹಳೇ ಪ್ರಿಂಟರಿನದು. ಇಪ್ಪತ್ತು ವರ್ಷದಿಂದ ಅಲ್ಲೇ ಇತ್ತು, ಯಾರೂ ಅಳಿಸಿರಲಿಲ್ಲ. ಏನೂ ಬದಲಿಸದೆ ಅದನ್ನೇ ಆರಿಸಿ ಪ್ರಿಂಟ್ ಒತ್ತಿದೆವು. ಕಂಪ್ಯೂಟರ್ ತಾನು 800ರ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿತು. 310 ಅದನ್ನು ತಿದ್ದಲಿಲ್ಲ. ಎರಡು ಕ್ಷಣ ಸುಮ್ಮನಿದ್ದು ಆಮೇಲೆ ಕರ್ರೋ ಅಂತ ಶುರುವಾಯಿತು. ಪಕ್ಕದ ಕೋಣೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳುಗಳು ಸೊಪ್ಪು ಮೇಯುತ್ತಿದ್ದವು, ಆ ಮಳೆ ಹನಿದಂಥ ಸದ್ದು ಪೂರ್ತಿ ಮುಳುಗಿಹೋಯಿತು. ಮೇಷ್ಟ್ರ ಹೆಂಡತಿ ಓಡಿ ಬಂದು "ಹುಳಾ ಮೇವು ಬಿಟ್ಬಿಡ್ತವೆ ಕಣ್ರಪ್ಪಾ, ಬಾಗ್ಲಾದ್ರೂ ಹಾಕ್ಕೊಳ್ಳಿ" ಅಂದರು. ಹಾಕಿಕೊಂಡೆವು.

ಮೊದಲ ಪುಟದಲ್ಲಿ ಒತ್ತಕ್ಷರ ಸಣ್ಣಗಾಗಿತ್ತು. ಅಕ್ಷರದ ಗಾತ್ರ 12ರಿಂದ 16ಕ್ಕೆ ಏರಿಸಿ, ಚುಕ್ಕೆ ಹೆಚ್ಚು ದಟ್ಟವಾಗಿ ಬೀಳುವ ಆಯ್ಕೆ ಹಾಕಿದೆವು. ಹೆಡ್ಡು ಒಂದೊಂದು ಸಾಲಿನ ಮೇಲೆ ಮತ್ತೆ ಮತ್ತೆ ಓಡಬೇಕಾಯಿತು. ಒಂದು ಪುಟಕ್ಕೆ ನಾಲ್ಕೈದು ನಿಮಿಷ. ಒಟ್ಟು 96 ಪುಟ. ರಾತ್ರಿ ಎರಡು ಸಲ ಕರೆಂಟ್ ಹೋಯಿತು. ನಡುನಡುವೆ ಹೆಡ್ಡು ಮುಟ್ಟಲಾರದಷ್ಟು ಬಿಸಿಯಾದಾಗ ನಿಲ್ಲಿಸಿ ಕಾದೆವು. ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯಿತು. ಮೇಷ್ಟ್ರು ಅಷ್ಟು ಹೊತ್ತೂ ಕುರ್ಚಿ ಬಿಟ್ಟೇಳಲಿಲ್ಲ. ಪುಟ ಹೊರಬಂದ ಹಾಗೆ ಸರ್ವೆ ನಂಬರುಗಳನ್ನು ಬೆರಳಿಟ್ಟು ಓದಿ, ಹಳೇ ಪಹಣಿಯ ಪ್ರತಿ ಪಕ್ಕದಲ್ಲಿಟ್ಟು ತಾಳೆ ನೋಡುತ್ತಿದ್ದರು. 38 ಮೂವತ್ತೆಂಟಾಗಿಯೇ ಇತ್ತು.

ಆ ಪಹಣಿಗಳು ಕೈಬರಹದವು. ಗ್ರಾಮ ಲೆಕ್ಕಿಗರು ಬರೆದುಕೊಡುತ್ತಿದ್ದ ಕಾಲದ್ದು. 2001ರ ಸುಮಾರಿಗೆ ಭೂಮಿ ಯೋಜನೆ ಬಂದು ತಾಲ್ಲೂಕು ಆಫೀಸಿನಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿದಾಗ ಅನೇಕ ಹಳ್ಳಿಗರು ಪ್ರಿಂಟರ್ ಮೂಡಿಸಿದ ತಮ್ಮ ಹೆಸರನ್ನು ಕನ್ನಡದಲ್ಲಿ ಮೊದಲ ಸಲ ನೋಡಿದ್ದು. ಅದರಲ್ಲಿ ಹೊಲಕ್ಕೆ ಜಾಗವಿದೆ, ಸಾಲಕ್ಕೆ ಜಾಗವಿದೆ. ನೀರುಗಂಟಿಯ ಹೆಸರಿಗೆ ಜಾಗವಿಲ್ಲ. ಮೇಷ್ಟ್ರು ಅದೇ ವರ್ಷಗಳಲ್ಲಿ ಹುಳು ಮನೆಯ ಪಕ್ಕ ಕೂತು ಅದನ್ನು ಬರೆಯುತ್ತಿದ್ದರು.

ಗ್ರಾಮಸಭೆಯಲ್ಲಿ 96 ಪುಟ ಓದಲಿಲ್ಲ, ಕಾಲುವೆಯ ನಾಲ್ಕು ಪುಟ ಓದಿದರು. ಜಗಳ ಅಲ್ಲಿಗೇ ಮುಗಿಯಲಿಲ್ಲ. ಮೇಷ್ಟ್ರು ಬರೆದದ್ದು ಸರ್ಕಾರಿ ದಾಖಲೆಯಲ್ಲ ಅಂತ ಒಬ್ಬರು ಎದ್ದು ನಿಂತರು, ಅದು ನಿಜವೂ ಹೌದು. ಆದರೆ ಓದಿದ್ದರಲ್ಲಿ ಅವರ ತಾತನ ಹೆಸರೂ ಇತ್ತು: ಕಾಲುವೆಯ ಹೂಳು ತೆಗೆಯಲು ಮನೆಗೊಂದು ಆಳು ಕಳಿಸಿದವರ ಪಟ್ಟಿಯಲ್ಲಿ. ಅವರು ಕೂತರು. ಸರ್ವೆಗೆ ಅರ್ಜಿ ಹಾಕುವುದು ಅಂತಾಯಿತು. ನೀರುಗಂಟಿ ಮನೆತನದ ಮೊಮ್ಮಗ, ಈಗ ಜಂಗಮಕೋಟೆ ಕ್ರಾಸಿನ ಕಡೆ ಆಟೊ ಓಡಿಸುವ ಹುಡುಗ, ಸಭೆ ಮುಗಿದ ಮೇಲೆ ಬಂದು ತನ್ನ ಮುತ್ತಾತನ ಹೆಸರಿರುವ ಪುಟದ ಜೆರಾಕ್ಸ್ ಕೇಳಿದ. ಅದರಲ್ಲಿ ಒಂದು ತಪ್ಪೂ ತೋರಿಸಿದ: ಮುತ್ತಾತನ ತಮ್ಮನ ಹೆಸರು ಬಿಟ್ಟುಹೋಗಿದೆ ಅಂತ. ಮೇಷ್ಟ್ರು ಪೆನ್ನಿನಲ್ಲಿ ಸೇರಿಸಿದರು.

ಆಮೇಲೆ ಮೇಷ್ಟ್ರೇ ಹೇಳಿ ಡಿಸ್ಕ್ ಕಳಚಿಸಿದರು. ಅಡಾಪ್ಟರ್ ತರಿಸಿ ನಮ್ಮ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡೆವು. ಅಕ್ಷರಗಳನ್ನು ನಮ್ಮ ಮೊಬೈಲಿಗೆ ಹಾಕಿ ನೋಡಿದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷಿನ ಜಾಗದಲ್ಲೇ ಕೂತಿದ್ದವು, ಫಾಂಟ್ ಇಲ್ಲದಿದ್ದರೆ ಅಕ್ಷರವೂ ಇಲ್ಲ. ವಿಂಡೋಸಿನೊಳಗೇ ಯೂನಿಕೋಡ್ ಕನ್ನಡ ಬಂದಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಅನ್ನುವ ಫಾಂಟಿನ ಜೊತೆ. ಮೇಷ್ಟ್ರ ಕಂಪ್ಯೂಟರ್ ಅದಕ್ಕೂ ಮೊದಲಿನದು. ಈಗ ನಾವು ಮೂವರು ಹಂಚಿಕೊಂಡು ಒಂದೊಂದೇ ಪುಟ ಯೂನಿಕೋಡಿಗೆ ಬದಲಿಸುತ್ತಿದ್ದೇವೆ. ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ. ಅನುಮಾನ ಬಂದಾಗಲೆಲ್ಲ ಆ ತೂತಿನ ಕಾಗದ ತೆಗೆದು ನೋಡಿ ತಿದ್ದುತ್ತೇವೆ. ನಲವತ್ತೊಂದನೇ ಪುಟದವರೆಗೆ ಆಗಿದೆ.

ಪ್ರಿಂಟರನ್ನು ಸೋಮವಾರ ಬೆಳಿಗ್ಗೆ ಎಂಟೂವರೆಗೇ ಲಾರಿ ಆಫೀಸಿಗೆ ಒಪ್ಪಿಸಿದೆವು. ರಿಬ್ಬನ್ ಪೂರ್ತಿ ಸವೆದುಹೋಗಿತ್ತು. ಬೇರೆ ರಿಬ್ಬನ್ ತಂದುಕೊಡುತ್ತೇವೆ ಅಂದರೆ ಮಾಲೀಕರು ಬೇಡ ಅಂದರು. ಒಂಬತ್ತೂಕಾಲಿಗೆ ಮೊದಲ ಬಿಲ್ ಬಂತು, ಸ್ವಲ್ಪ ಮಸುಕಾಗಿತ್ತು.